ಹೊರಗಿನಿಂದ ಹಾಕಿದ ಅಗುಳಿ

ಜೆರೋಮ್‌ನ ಮೊದಲ ಚಿತ್ರದಲ್ಲಿ ಒಬ್ಬ ಮುದುಕ ಹತ್ತೊಂಬತ್ತು ನಿಮಿಷ ಹಲಸಿನ ಹಣ್ಣು ಬಿಡಿಸುತ್ತಾನೆ. ಇಪ್ಪತ್ತನೆಯ ನಿಮಿಷದಲ್ಲಿ ಕೈಗೆ ಮೆತ್ತಿದ ಮೇಣ ನೋಡಿಕೊಂಡು ಅಳುತ್ತಾನೆ. ಯಾಕೆ ಅಳುತ್ತಾನೆ ಎಂದು ಕೇಳಿದವರನ್ನು ಜೆರೋಮ್ ಮತ್ತೆ ಮಾತಾಡಿಸುತ್ತಿರಲಿಲ್ಲ. ವರ್ಷದ ಎಂಟು ತಿಂಗಳು ಹಿಮ ಬೀಳುವ, ಹಲಸನ್ನು ಕಂಡೇ ಇರದ ಯಾವುದೋ ಊರಿನ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಮೆಚ್ಚುಗೆ ಸಿಕ್ಕಿತು. ಅಂದಿನಿಂದ ತ್ರಿಶೂರಿನ ನಮ್ಮ ಫಿಲಂ ಸೊಸೈಟಿಯಲ್ಲಿ ಅವನಿಗೆ ಮುಂದಿನ ಸಾಲಿನಲ್ಲಿ ಕಾಯಂ ಕುರ್ಚಿ. ಮುಖದ ಮೇಲೆ ಕಾಯಂ ಬೇಸರ.

ಆ ಚಿತ್ರದ ಸಂಕಲನ ಮಾಡಿದವನು ನಾನು, ದಿವಾಕರನ್. ಹತ್ತೊಂಬತ್ತು ನಿಮಿಷವನ್ನು ನಾಲ್ಕಕ್ಕೆ ಇಳಿಸಿದ್ದೆ. ಅವನು ಮತ್ತೆ ಹತ್ತೊಂಬತ್ತಕ್ಕೆ ಏರಿಸಿದ. ಜೆರೋಮ್ ನನಗೆ ಕಾಲೇಜಿನ ಕಾಲದಿಂದ ಗೆಳೆಯ. ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಹೊಟ್ಟೆಪಾಡು. ಅವನ ಚಿತ್ರಗಳನ್ನು ಜೋಡಿಸುವುದು, ಅವನ ಪ್ರಕಾರ, ನನ್ನ ಮೋಕ್ಷ.

ಎರಡನೆಯ ಚಿತ್ರದ ಹೆಸರು ‘ಅಗುಳಿ’. ಕಥೆ ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಹದಿನೈದು ವರ್ಷದಿಂದ ಅವನು ಅದನ್ನು ಎಲ್ಲರಿಗೂ ಹೇಳುತ್ತ ಬಂದಿದ್ದ. ಒಬ್ಬ ಕ್ರೂರ ತಂದೆ. ಮಗನನ್ನು ಉಗ್ರಾಣಕ್ಕೆ ತಳ್ಳಿ ಹೊರಗಿನಿಂದ ಅಗುಳಿ ಹಾಕುತ್ತಾನೆ. ತಾಯಿ ಕಣ್ಣಾರೆ ಕಂಡೂ ಸುಮ್ಮನಿರುತ್ತಾಳೆ. ಆ ಮಗ ಬೆಳೆದು ದೊಡ್ಡವನಾದ ಮೇಲೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಲಾರ. ಇದನ್ನು ಹೇಳುವಾಗ ಜೆರೋಮ್‌ನ ದನಿ ಇಳಿಯುತ್ತಿತ್ತು, ಕೇಳುತ್ತಿದ್ದ ಹುಡುಗಿಯರು ಅವನ ಕೈ ಹಿಡಿಯುತ್ತಿದ್ದರು. ಅವರಲ್ಲೊಬ್ಬಳು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ಮೆರ್ಲಿನ್, ಹಿಡಿದ ಕೈ ಬಿಡದೆ ಮದುವೆಯೂ ಆದಳು.

ಅವನ ಅಪ್ಪ ಲೋನಪ್ಪನ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಚರ್ಚಿನ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಮನುಷ್ಯ. ನಾನು ಅವರನ್ನು ನೋಡಿದ್ದು ಎರಡೋ ಮೂರೋ ಸಲ, ಅದೂ ಮೆರವಣಿಗೆಯಲ್ಲಿ, ಕೆಂಪು ಕೋಟು ತೊಟ್ಟು ಕೆನ್ನೆ ಉಬ್ಬಿಸಿಕೊಂಡು ನಡೆಯುತ್ತಿದ್ದಾಗ. ಕ್ರೂರಿಗಳು ಹೀಗೂ ಕಾಣಬಹುದು ಎಂದುಕೊಂಡಿದ್ದೆ.

“ನಟರು ಸುಳ್ಳು ಹೇಳ್ತಾರೆ ಕಣೋ,” ಎಂದ ಜೆರೋಮ್ ಒಂದು ದಿನ. “ತಾಯಿ ಪಾತ್ರಾನ ಅಮ್ಮಚ್ಚಿನೇ ಮಾಡ್ಬೇಕು. ಅದೇ ಮನೆ. ಅದೇ ಉಗ್ರಾಣ. ಅದೇ ಅಗುಳಿ.”

ಒಲ್ಲೂರಿನ ಅವರ ಮನೆಗೆ ನನ್ನನ್ನೂ ಎಳೆದುಕೊಂಡು ಹೋದ. ಅವನ ತಾಯಿ ತ್ರೇಸ್ಯಾ ಟೀಚರ್ ಹಿತ್ತಿಲ ಕಟ್ಟೆಯ ಮೇಲೆ ಕೂತು ಬೂತಾಯಿ ಮೀನು ಹೆರೆಯುತ್ತಿದ್ದರು. ಮೂವತ್ತೊಂದು ವರ್ಷ ಕಾನ್ವೆಂಟಿನಲ್ಲಿ ಲೆಕ್ಕ ಕಲಿಸಿದವರು. ಅರವತ್ತೊಂಬತ್ತಾದರೂ ಬೆನ್ನು ಬಾಗಿರಲಿಲ್ಲ.

“ನಾನ್ಯಾಕೋ ಸಿನಿಮಾದಲ್ಲಿ? ಜನ ನಗ್ತಾರೆ,” ಎಂದರು.

“ನನ್ನ ಚಿತ್ರದಲ್ಲಿ ಯಾರೂ ನಗಲ್ಲ ಅಮ್ಮಚ್ಚಿ.”

“ಅದು ಗೊತ್ತು. ಹಲಸಿನ ಹಣ್ಣಿಂದು ನೋಡಿದೀನಲ್ಲ.”

ನಾನು ನಗಲು ಹೋಗಿ ಕೆಮ್ಮಿದೆ. ಜೆರೋಮ್ ಮುಖ ಬಿಗಿದುಕೊಂಡ. ಅವನ ಮುಖ ಬಿಗಿದದ್ದೇ ಟೀಚರ್ ಥಟ್ಟನೆ ದನಿ ಬದಲಿಸಿದರು. “ಆಯ್ತು ಮೋನೇ, ಮಾಡ್ತೀನಿ. ಭಾನುವಾರ ಮಾತ್ರ ಚರ್ಚಿನ ಪೂಜೆಗೆ ಬಿಡ್ಬೇಕು. ಮನೆಯೊಳಗೆ ಯಾರೂ ಸಿಗರೇಟು ಸೇದಬಾರದು.”

“ಹಳೇ ಕಾಲದ ಕ್ರಿಶ್ಚಿಯನ್ ಹೆಂಗಸರ ಹಾಗೆ ಬಿಳಿ ಚಟ್ಟ ರವಿಕೆ, ಮುಂಡು ಉಡ್ಬೇಕಾಗುತ್ತೆ.”

“ಅದನ್ನ ನಮ್ಮಮ್ಮ ಉಡ್ತಿದ್ಲು. ನಾನು ಹುಟ್ಟಿದಾಗಿಂದ ಉಟ್ಟಿದ್ದು ಲಂಗ, ಆಮೇಲೆ ಸೀರೆ.”

“ಹೊರದೇಶದವರಿಗೆ ಸೀರೆ ಉಟ್ಟ ಕ್ರಿಶ್ಚಿಯನ್ ತಾಯಿ ಅರ್ಥ ಆಗಲ್ಲ ಅಮ್ಮಚ್ಚಿ.”

ಹೊರದೇಶದವರಿಗಾಗಿ ಟೀಚರ್ ಅದಕ್ಕೂ ಒಪ್ಪಿದರು. ಆಮೇಲೆ, ಮೀನಿನ ಮೇಲಿಂದ ಕಣ್ಣೆತ್ತದೆ, “ಅವರ ಪಾತ್ರ ಯಾರು ಮಾಡ್ತಾರೆ?” ಎಂದು ಕೇಳಿದರು.

“ಚಾಕ್ಕುಣ್ಣಿ ಚೇಟ್ಟ.”

“ನಾಟಕದ ಚಾಕ್ಕುಣ್ಣಿಯಾ? ಅವನ ದನಿ ಮೂರು ಬೀದಿಗೆ ಕೇಳುತ್ತೆ.” ಒಂದು ಮೀನಿನ ತಲೆ ಕತ್ತರಿಸಿ ಪಕ್ಕಕ್ಕೆ ತಳ್ಳಿದರು. “ನಿಮ್ಮಪ್ಪನಿಗೆ ಅಷ್ಟು ದನಿ ಇರ್ಲಿಲ್ಲ,” ಎಂದಷ್ಟೇ ಹೇಳಿದರು.

ಚಿತ್ರಕಥೆ ಓದಲು ಕೊಟ್ಟರೆ ಎರಡು ದಿನಕ್ಕೆ ವಾಪಸು ಬಂತು. ಕೆಂಪು ಪೆನ್ನಿನಿಂದ ಕಾಗುಣಿತದ ತಪ್ಪೆಲ್ಲ ತಿದ್ದಿದ್ದರು. ಕಥೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಚಿತ್ರೀಕರಣ ಶುರುವಾಯಿತು. ನಾವಿದ್ದದ್ದೇ ಏಳು ಜನ, ಹಾಗಾಗಿ ಕ್ಲಾಪ್ ಹಿಡಿಯುವವನೂ ನಾನೇ. ಮೆರ್ಲಿನ್ ಡ್ಯೂಟಿ ಮುಗಿಸಿ ಬಂದು ಎಲ್ಲರಿಗೂ ಅಡುಗೆ ಮಾಡುತ್ತಿದ್ದಳು, ತೆರೆಯ ಮೇಲೆ ಸೊಸೆಯಾಗಿ ಮೌನವಾಗಿ ಓಡಾಡುತ್ತಿದ್ದಳು, ಮತ್ತೆ ಪಾತ್ರೆ ತೊಳೆಯುತ್ತಿದ್ದಳು. ತೆರೆಯ ಮೇಲಿನದಕ್ಕೂ ಹೊರಗಿನದಕ್ಕೂ ಇದ್ದ ವ್ಯತ್ಯಾಸ ಕ್ಯಾಮೆರಾ ಮಾತ್ರ.

ನಿಜವಾದ ಕಷ್ಟ ಬಂದದ್ದು ಚಾಕ್ಕುಣ್ಣಿ ಚೇಟ್ಟನಿಗೆ. ನಲವತ್ತು ವರ್ಷ ವೃತ್ತಿನಾಟಕದಲ್ಲಿ ಯೇಸುವಿಗೆ ಶಿಲುಬೆ ವಿಧಿಸಿದ ಪಿಲಾತ, ಹೆರೋದ, ಜಮೀನ್ದಾರ, ಕಳ್ಳಸಾಗಣೆಯ ಸಾಹುಕಾರ ಎಲ್ಲ ಆಗಿ ಗರ್ಜಿಸಿದ ಮನುಷ್ಯ, ನಮಗೆಲ್ಲ ಚೇಟ್ಟ, ಎಂದರೆ ಅಣ್ಣ. ಮೊದಲ ದಿನವೇ ಜೆರೋಮ್ ಅವರಿಗೆ, “ಚೇಟ್ಟ, ನೀವು ನಟಿಸ್ಬೇಡಿ,” ಎಂದ.

“ನಟಿಸ್ಬೇಡ ಅನ್ನೋದಾದ್ರೆ ನನ್ನನ್ನ ಯಾಕಪ್ಪಾ ಕರೆಸ್ದೆ? ನಟಿಸ್ದೇ ನಿಂತಿರೋರು ಬಸ್ ಸ್ಟ್ಯಾಂಡಲ್ಲಿ ಬೇಕಾದಷ್ಟು ಜನ ಸಿಗ್ತಿದ್ರು.”

“ಸುಮ್ನೆ ಇರಿ. ನಿಮ್ಮೊಳಗೆ ಹಿಂಸೆ ತಾನಾಗೇ ತುಂಬ್ಕೊಳ್ಳುತ್ತೆ.”

“ನನ್ನೊಳಗೆ ಈಗ ತುಂಬ್ಕೊಂಡಿರೋದು ಬೆಳಗ್ಗಿನ ಪುಟ್ಟು, ಕಡಲೆ ಮಾತ್ರ,” ಎಂದರು ಚೇಟ್ಟ.

ಊಟದ ದೃಶ್ಯ ನೆನಪಿದೆ. ರಾತ್ರಿಯ ಊಟವೆಂದು ತೋರಿಸಲು ಹನ್ನೊಂದು ಗಂಟೆ ಬಿಸಿಲಿನಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದೆವು. ತಂದೆ, ತಾಯಿ, ಸೊಸೆ ಹನ್ನೊಂದು ನಿಮಿಷ ಮಾತಿಲ್ಲದೆ ಮರಗೆಣಸು, ಮೀನು ಸಾರು ತಿನ್ನಬೇಕು. ಏಳನೆಯ ನಿಮಿಷದಲ್ಲಿ ಚೇಟ್ಟ ಬಲು ಪ್ರೀತಿಯಿಂದ, “ಟೀಚರೇ, ಇನ್ನೊಂದು ತುಂಡು ಹಾಕಿ,” ಎಂದುಬಿಟ್ಟರು.

“ಕಟ್!” ಜೆರೋಮ್ ಕೈಯಲ್ಲಿದ್ದ ಕಾಗದ ನೆಲಕ್ಕೆಸೆದ. “ಯಾರು ಮಾತಾಡು ಅಂದ್ರು ನಿಮಗೆ?”

“ಹಸಿದ ಗಂಡಸು ಹೆಂಡ್ತಿ ಹತ್ರ ಮೀನು ಕೇಳಲ್ವಾ?”

“ಈ ಮನೇಲಿ ಕೇಳಲ್ಲ!”

“ಅದು ನಿಜ,” ಎಂದರು ಟೀಚರ್ ಮೆತ್ತಗೆ. “ಈ ಮನೇಲಿ ಕೇಳ್ತಿರ್ಲಿಲ್ಲ.”

ಜೆರೋಮ್‌ಗೆ ಸಂತೋಷವಾಯಿತು. ನನ್ನ ಕಿವಿಯ ಹತ್ತಿರ ಬಂದು, “ನೋಡಿದ್ಯಾ? ಗಾಯ ಬಾಯಿ ಬಿಡ್ತಾ ಇದೆ,” ಎಂದ.

ಹನ್ನೆರಡನೆಯ ದಿನ, ಮಧ್ಯಾಹ್ನ, ಉಗ್ರಾಣದ ಬಾಗಿಲ ಮುಂದಿನ ದೃಶ್ಯ. ಚಿತ್ರದ ಹೃದಯ ಅದೇ ಎಂದು ಜೆರೋಮ್ ಎಲ್ಲರಿಗೂ ಹೇಳಿಟ್ಟಿದ್ದ. ವಯಸ್ಸಾದ ತಾಯಿ ಬಾಗಿಲಿಗೆ ಒರಗಿ ನಿಂತು ಕ್ಯಾಮೆರಾವನ್ನೇ ನೋಡುತ್ತ, “ನಿನ್ನ ಅಪ್ಪಚ್ಚನ್ ಈ ಅಗುಳಿ ಹಾಕಿದ ದಿನ ನನ್ನ ಎದೆಯೊಳಗೂ ಒಂದು ಅಗುಳಿ ಬಿತ್ತು ಮಗನೇ,” ಎಂದು ಶುರುಮಾಡಬೇಕು.

ಟೀಚರ್ ಬಾಯಲ್ಲಿ ಅದು ಹೊರಡಲೇ ಇಲ್ಲ. ಒಮ್ಮೆ ಮರೆತರು. ಒಮ್ಮೆ, “ಎದೆಯೊಳಗೆ ಅಗುಳಿ ಹೇಗೋ ಬೀಳುತ್ತೆ?” ಎಂದು ಕೇಳಿದರು. ಒಮ್ಮೆ ಅಪ್ಪಚ್ಚನ್ ಎಂಬಲ್ಲಿಗೆ ಬಂದು ನಿಂತುಬಿಟ್ಟರು. ನಾನು ಹದಿನಾಲ್ಕು ಸಲ ಕ್ಲಾಪ್ ಹೊಡೆದೆ. ಹದಿನಾಲ್ಕನೆಯದಕ್ಕೆ ಜೆರೋಮ್‌ನ ತಾಳ್ಮೆ ಹರಿಯಿತು.

“ಬರೆದಿದ್ದು ಬಿಟ್ಹಾಕು! ನಿನ್ನ ಮುಖದಲ್ಲಿ ನಿಜ ಅನ್ನೋದೇ ಇಲ್ಲ ಅಮ್ಮಚ್ಚಿ! ಇಲ್ಲಿ ಏನು ನಡೀತು? ಅದನ್ನ ಹೇಳು. ನಿಜ ಹೇಳು!”

“ನಿಜಾನಾ?”

“ಹೌದು, ನಿಜ!”

“ಆಮೇಲೆ ಕೂಗಾಡಬಾರದು.”

“ಇಲ್ಲ. ಹೇಳು.”

ಟೀಚರ್ ಒರಗಿದ್ದ ಬಾಗಿಲಿನಿಂದ ಮುಂದೆ ಬಂದು ನೆಟ್ಟಗೆ ನಿಂತರು, ಕರಿಹಲಗೆಯ ಮುಂದೆ ನಿಲ್ಲುವ ಹಾಗೆ.

“ಅವತ್ತು ಶನಿವಾರ. ಜೆರೋಮ್ ಬಿ.ಎ. ಎರಡನೇ ವರ್ಷ. ಫಿಲಂ ಸೊಸೈಟಿ ಗೆಳೆಯರು ಮನೆಗೆ ಬರ್ತಾರೆ, ಒಬ್ರು ದೊಡ್ಡ ವಿಮರ್ಶಕರೂ ಬರ್ತಾರೆ ಅಂದಿದ್ದ. ನಾನು ಕಟ್ಲೆಟ್ ಮಾಡಿದ್ದೆ. ಆ ಹೊತ್ತಿಗೆ ಇವನ ಅಪ್ಪಚ್ಚನ್ ಎಲ್ಲೋ ಚರ್ಚ್ ಹಬ್ಬ ಮುಗಿಸ್ಕೊಂಡು ಬಂದ್ರು. ಮೈಮೇಲೆ ಕೆಂಪು ಕೋಟು. ಬೆವರು. ಖುಷಿಯಲ್ಲಿದ್ರು. ‘ಬರೋರಿಗೆ ಒಂದು ಹಾಡು ನುಡಿಸ್ಲಾ ಮೋನೇ?’ ಅಂತ ಕೇಳಿದ್ರು. ಇವನು ಅವರನ್ನ ಮೇಲಿಂದ ಕೆಳಗೆ ನೋಡ್ದ. ‘ಅಪ್ಪಚ್ಚಾ, ಉಗ್ರಾಣದಿಂದ ದೊಡ್ಡ ಚಾಪೆ ತೆಗೆದುಕೊಡಿ’ ಅಂದ. ಅವರು ಒಳಗೆ ಹೋದ್ರು. ಇವನು ಹೊರಗಿನಿಂದ ಅಗುಳಿ ಹಾಕ್ದ.”

ಕ್ಯಾಮೆರಾ ಓಡುತ್ತಲೇ ಇತ್ತು.

“ನಾಲ್ಕು ಗಂಟೆ ಹತ್ತು ನಿಮಿಷ ಒಳಗಿದ್ರು. ಅವರು ಬಾಗಿಲು ಬಡೀಲಿಲ್ಲ. ಬಡಿದ್ರೆ ಮಗನ ಮರ್ಯಾದೆ ಹೋಗುತ್ತೆ ಅಂತ ಬಡೀಲಿಲ್ಲ. ನಾನು ಮುಂದಿನ ಕೋಣೆಗೆ ಮೂರು ಸಲ ಟೀ ಒಯ್ದೆ, ಮೂರು ಸಲಾನೂ ಈ ಬಾಗಿಲ ಮುಂದೇ ಹೋದೆ. ಅಗುಳಿ ಹೊರಗಿತ್ತು. ನಾನೂ ಹೊರಗೇ ಇದ್ದೆ. ಕೈ ಎತ್ತಿದ್ರೆ ಸಾಕಿತ್ತು. ಎತ್ತಲಿಲ್ಲ, ಯಾಕಂದ್ರೆ ಇವನು ಕೂಗಾಡ್ತಾನೆ. ಇವನಿಗೆ ಹನ್ನೆರಡು ತುಂಬಿದಾಗಿಂದ ನಾವಿಬ್ರೂ ಇವನ ಮುಖ ನೋಡ್ಕೊಂಡೇ ಈ ಮನೇಲಿ ಉಸಿರಾಡಿದ್ದು. ಅವರು ಅಗಿಯೋ ಸದ್ದು ಇವನಿಗೆ ಆಗ್ತಿರ್ಲಿಲ್ಲ. ಅದಕ್ಕೆ ಇವನು ಉಂಡು ಎದ್ದ ಮೇಲೆ ಅವರು ತಟ್ಟೆ ಇಡ್ತಿದ್ರು. ಇನ್ನೊಂದು ತುಂಡು ಮೀನು ಕೇಳೋಕೆ ಅಲ್ಲಿ ಮೀನು ಉಳಿದಿರ್ತಾನೂ ಇರ್ಲಿಲ್ಲ.”

ಟೀಚರ್ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡರು.

“ಸಂಜೆ ಬಂದೋರೆಲ್ಲ ಹೋದ್ಮೇಲೆ ಬಾಗಿಲು ತೆಗೆದೆ. ಅವರು ಚಾಪೆ ಸುತ್ತಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು. ‘ಇದೇನಾ ಕೇಳಿದ್ದು ಮೋನೇ?’ ಅಂತ ಇವನಿಗೆ ಅಂದ್ರು. ಅಷ್ಟೇ ಅಂದಿದ್ದು. ಸಾಯೋವರೆಗೂ ಅದರ ಮಾತೆತ್ತಲಿಲ್ಲ. ಕ್ಲಾರಿನೆಟ್ ಮಾತ್ರ ಮನೆಗೆ ತರೋದು ಬಿಟ್ರು, ಚರ್ಚಲ್ಲೇ ಇಟ್ಟು ಬರ್ತಿದ್ರು. ನಿಜ ಕೇಳ್ದೆ, ಹೇಳ್ದೆ.”

ಆ ಶನಿವಾರ ಬಂದವರಲ್ಲಿ ನಾನೂ ಒಬ್ಬ. ನಾಲ್ಕು ಕಟ್ಲೆಟ್ ತಿಂದಿದ್ದೆ. ದಮನಿತರ ಮೌನವನ್ನು ತೆರೆಯ ಮೇಲೆ ಹೇಗೆ ತರಬೇಕೆಂದು ನಾವು ಒಂಬತ್ತು ಜನ ಗಂಟಲು ಹರಿದುಕೊಂಡು ವಾದಿಸಿದ್ದೆವು. ನಡುವೆ ಒಮ್ಮೆ ಒಳಗಿನಿಂದ ಕೆಮ್ಮು ಕೇಳಿಸಿತ್ತು, ಬಾಯಿಗೆ ಬಟ್ಟೆ ಒತ್ತಿಕೊಂಡ ಕೆಮ್ಮು. “ಪಕ್ಕದ ಮನೆ,” ಎಂದಿದ್ದ ಜೆರೋಮ್. ನಾವು ವಾದ ಮುಂದುವರಿಸಿದ್ದೆವು.

ಈಗ ಅವನ ಮುಖ ನೋಡಿದೆ. ಕರೆಂಟು ಇಳಿದಾಗ ಬಲ್ಬು ಮಂಕಾಗುತ್ತದಲ್ಲ, ಹಾಗೆ ಏನೋ ಒಂದು ಮಂಕಾಯಿತು, ಮತ್ತೆ ಹೊತ್ತಿಕೊಂಡಿತು. “ಕಟ್,” ಎಂದ. ಓಡಿಹೋಗಿ ತಾಯಿಯ ಎರಡೂ ಭುಜ ಹಿಡಿದುಕೊಂಡ.

“ಅಮ್ಮಚ್ಚೀ! ಅದ್ಭುತ! ಇದನ್ನ ಎಲ್ಲಿಂದ ತಂದೆ?”

ಟೀಚರ್ ಬಾಯಿ ತೆರೆದು ಹಾಗೇ ನಿಂತರು. ಮೂವತ್ತೊಂದು ವರ್ಷದಲ್ಲಿ ಎಂಥೆಂಥ ದಡ್ಡ ವಿದ್ಯಾರ್ಥಿಗಳನ್ನು ನೋಡಿದವರಿಗೂ ಇಂಥವನೊಬ್ಬ ಸಿಕ್ಕಿರಲಿಲ್ಲ.

ಚಾಕ್ಕುಣ್ಣಿ ಚೇಟ್ಟ ಮೂಲೆಯಲ್ಲಿ ಕೂತು ಅಂಟಿಸಿದ ಮೀಸೆ ಕೀಳುತ್ತಿದ್ದರು. “ನಾನು ಪಿಲಾತನಾಗಿದೀನಿ, ಹೆರೋದನಾಗಿದೀನಿ,” ಎಂದರು. “ಕೆಟ್ಟವರ ವೇಷ ಹಾಕೋಕೆ ನಂಗೆ ನಾಚಿಕೆ ಇಲ್ಲ. ಒಳ್ಳೆಯವನೊಬ್ಬನಿಗೆ ಕೆಟ್ಟವನ ವೇಷ ಹಾಕೋದು ನನ್ನಿಂದ ಆಗಲ್ಲ. ಬರ್ತೀನಿ ಟೀಚರೇ.” ಕೆಂಪು ಕೋಟನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಹೊರಟೇಹೋದರು. ಇಡೀ ಚಿತ್ರತಂಡದಲ್ಲಿ ಗಂಡಸೆಂದರೆ ಅವರೊಬ್ಬರೇ ಎಂದು ಈಗ ಅನ್ನಿಸುತ್ತದೆ.

ಜೆರೋಮ್ ಐದು ನಿಮಿಷ ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ ಅವನ ಕಣ್ಣುಗಳು ಹೊಳೆದವು. “ಅಪ್ಪನ ಮುಖವೇ ಬೇಡ. ಉಳಿದ ದೃಶ್ಯಗಳಲ್ಲಿ ಬೆನ್ನು ಮಾತ್ರ. ಇನ್ನೂ ಭಯಂಕರವಾಗಿರುತ್ತೆ. ದಿವಾಕರಾ, ಕೋಟು ಹಾಕ್ಕೋ.”

ನಾನು ಹಾಕಿಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹಾಕಿಕೊಂಡೆ. ಮುಂದೆ ವಿಮರ್ಶಕರು ಕೊಂಡಾಡಿದ ‘ಮುಖವಿಲ್ಲದ ಪಿತೃಪ್ರಾಧಾನ್ಯ’ ನನ್ನ ಬೆನ್ನು.

ಸಂಕಲನ ನನ್ನ ಮನೆಯ ಮಾಳಿಗೆಯ ಕೋಣೆಯಲ್ಲಿ ನಡೆಯಿತು. ಒಂಬತ್ತು ನಿಮಿಷದ ಆ ಶಾಟ್ ಬಂದಾಗ ನಾನು ಯಂತ್ರ ನಿಲ್ಲಿಸಿದೆ. “ಜೆರೋಮ್, ಇದನ್ನ ತೆಗೆದುಬಿಡೋಣ.”

“ತಲೆ ಕೆಟ್ಟಿದ್ಯಾ? ಚಿತ್ರ ಇರೋದೇ ಇದರಲ್ಲಿ.”

“ಇದರಲ್ಲಿ ಇರೋದು ನೀನು.”

ಅವನು ನನ್ನನ್ನು ಕನಿಕರದಿಂದ ನೋಡಿದ. “ಎಡಾ, ನೀನು ಮದುವೆ ವಿಡಿಯೋ ಮಾಡಿ ಮಾಡಿ ಹಾಳಾದೆ. ಇದು ಅಪರಾಧಿ ಪ್ರಜ್ಞೆ ಕಣೋ. ಗಂಡನ ತಪ್ಪನ್ನ ನೋಡ್ತಾ ನಿಂತ ತಾಯಿ ಆ ತಪ್ಪನ್ನ ಮಗನ ತಲೆಗೆ ಕಟ್ತಾಳೆ. ನೆನಪು ಸುಳ್ಳಾಡುತ್ತೆ. ಯಾರನ್ನ ನಂಬ್ಬೇಕು ಅಂತ ಪ್ರೇಕ್ಷಕನಿಗೆ ಗೊತ್ತಾಗಲ್ಲ. ಅದೇ ಕಲೆ.”

“ನಾನು ಅವತ್ತು ಬಂದಿದ್ದೆ ಜೆರೋಮ್. ಕೆಮ್ಮು ಕೇಳಿಸಿತ್ತು.”

“ನಿನ್ನ ನೆನಪೂ ಸುಳ್ಳಾಡ್ತಿದೆ,” ಎಂದ. ತಣ್ಣಗೆ, ಕಣ್ಣು ಮಿಟುಕಿಸದೆ. ಅವನು ನಾಟಕವಾಡುತ್ತಿದ್ದಾನೋ, ಅಥವಾ ಹದಿನೈದು ವರ್ಷ ಹೇಳಿ ಹೇಳಿ ಉಗ್ರಾಣದ ಒಳಗೆ ಕೂತದ್ದು ತಾನೇ ಎಂದು ನಂಬಿಬಿಟ್ಟಿದ್ದಾನೋ, ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಆ ಸಂಜೆ ಮೊದಲ ಸಲ ನನಗೆ ಅವನ ಪಕ್ಕ ಕೂರಲು ಭಯವಾಯಿತು.

ಚಿತ್ರೀಕರಣದ ಆ ಮಧ್ಯಾಹ್ನ ಮೆರ್ಲಿನ್ ಡ್ಯೂಟಿಯಲ್ಲಿದ್ದಳು. ಸೆಟ್ಟಿನಲ್ಲಿ ಏನೋ ಆಗಿದೆ ಎಂದು ಗೊತ್ತಿತ್ತು, ಏನೆಂದು ಯಾರೂ ಬಾಯಿಬಿಟ್ಟಿರಲಿಲ್ಲ. ಒಂದು ದಿನ ಜೆರೋಮ್ ಇಲ್ಲದ ಹೊತ್ತು ನೋಡಿ ಬಂದಳು. “ದಿವಾಕರೇಟ್ಟ, ಅಮ್ಮಚ್ಚಿ ಹೇಳಿದ್ದನ್ನ ತೋರ್ಸಿ,” ಎಂದಳು. ತೋರಿಸಿದೆ. ಎರಡು ಸಲ ನೋಡಿದಳು. ಎರಡನೆಯ ಸಲ ಮುಗಿದ ಮೇಲೆ ತೆರೆಯ ಮೇಲೆ ನಿಂತುಹೋದ ಟೀಚರ ಮುಖವನ್ನೇ ನೋಡುತ್ತ ಕೇಳಿದಳು: “ನೀವೂ ಹೋಗಿದ್ರಂತಲ್ಲ ಅವತ್ತು?”

“ಹೋಗಿದ್ದೆ.”

“ನಿಜಾನಾ?”

“ನಿಜ.” ಕೆಮ್ಮಿನ ಸಂಗತಿಯನ್ನೂ ಹೇಳಿದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ನಗು ಬಂತು, ಕೆಟ್ಟ ನಗು. “ಎಂಟು ವರ್ಷದಿಂದ ಕೋಣೆ ಬಾಗಿಲು ತೆಗೆದಿಟ್ಟು ಮಲಗ್ತಿದೀನಿ ದಿವಾಕರೇಟ್ಟ. ಪಾಪ, ಕೂಡಿಹಾಕ್ಸ್ಕೊಂಡ ಮಗು ಅಂತ. ಒಲ್ಲೂರಿನ ಅಷ್ಟೂ ಸೊಳ್ಳೆ ನನ್ನ ರಕ್ತ ಕುಡಿದು ಬೆಳೆದಿವೆ.” ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.

ಡಿಸೆಂಬರಿನಲ್ಲಿ ತಿರುವನಂತಪುರದ ಉತ್ಸವಕ್ಕೆ ‘ಅಗುಳಿ’ ಆಯ್ಕೆಯಾಯಿತು. ಹೆಗಲಿಗೆ ಬಟ್ಟೆ ಚೀಲ, ಕೊರಳಿಗೆ ಪಾಸು ನೇತುಹಾಕಿಕೊಂಡ ಜನ ಮೆಟ್ಟಿಲ ಮೇಲೂ ಕೂತಿದ್ದರು. ಮೊದಲ ಒಂದು ಗಂಟೆ ಚಿತ್ರ ಅವರನ್ನು ತಕ್ಕಮಟ್ಟಿಗೆ ಹಿಂಸಿಸಿತು. ಹಿಂಸೆಯಾದದ್ದನ್ನು ಯಾರೂ ತೋರಿಸಿಕೊಳ್ಳಲಿಲ್ಲ. ನಿದ್ದೆ ಹೋದವರೂ ಗಲ್ಲಕ್ಕೆ ಕೈಯಿಟ್ಟುಕೊಂಡು, ಚಿಂತಿಸುವವರಂತೆ ನಿದ್ದೆ ಹೋದರು. ಟೀಚರ ಒಂಬತ್ತು ನಿಮಿಷ ಬಂದಾಗ ಮಾತ್ರ ಸಭಾಂಗಣ ನಿಜವಾಗಿ ಸ್ತಬ್ಧವಾಯಿತು. ಮುಂದಿನ ಸಾಲಿನ ಒಬ್ಬಾಕೆ ಬಿಕ್ಕಿ ಬಿಕ್ಕಿ ಅತ್ತಳು.

ಚಿತ್ರ ಮುಗಿದು ದೀಪ ಹತ್ತಿತು. ಜೆರೋಮ್ ಕಪ್ಪು ಜುಬ್ಬಾ ತೊಟ್ಟು ವೇದಿಕೆಯ ಮೇಲೆ ನಿಂತ. ಟೀಚರ್, ಮೆರ್ಲಿನ್, ನಾನು ಮೂರನೆಯ ಸಾಲಿನಲ್ಲಿದ್ದೆವು. ಒಬ್ಬ ತರುಣ ಎದ್ದು ಕೇಳಿದ: “ಸರ್, ಆ ತಾಯಿಯ ಮಾತುಗಳು ಅಸಾಧಾರಣವಾಗಿವೆ. ಅದನ್ನ ಹೇಗೆ ಬರೆದ್ರಿ?”

ಜೆರೋಮ್ ಮೈಕನ್ನು ತುಟಿಯ ಹತ್ತಿರ ತಂದುಕೊಂಡ. “ಆರು ತಿಂಗಳು ಬೇಕಾಯ್ತು. ನನ್ನನ್ನೇ ನಾನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸ್ಕೊಂಡೆ. ಸಂತ್ರಸ್ತನೇ ಅಪರಾಧಿಯ ಪಾತ್ರ ವಹಿಸೋ ಧೈರ್ಯ ಮಾಡ್ಬೇಕು. ಪ್ರತಿ ಸಾಲಿಗೂ ನಾನು ರಕ್ತ ಸುರಿಸಿದೀನಿ.”

ಚಪ್ಪಾಳೆ ಬಿತ್ತು. ಟೀಚರ್ ಮೆರ್ಲಿನ್ ಕಡೆ ತಿರುಗಿ, “ಏನಂದ ಇವನು?” ಎಂದರು. ಅದೆಲ್ಲ ತಾನೇ ಬರೆದದ್ದು ಎನ್ನುತ್ತಿದ್ದಾನೆ ಎಂದು ಮೆರ್ಲಿನ್ ಹೇಳಿದಳು. ಟೀಚರ್ ಎದ್ದು ನಿಂತು ಕೈ ಚಾಚಿದರು. ಯಾರೋ ಓಡಿಬಂದು ಮೈಕ್ ಕೊಟ್ಟರು.

“ಅದು ಅವನು ಬರೆದಿದ್ದಲ್ಲ,” ಎಂದರು ಟೀಚರ್. “ನಾನು ನಟಿಸಿದ್ದೂ ಅಲ್ಲ. ನಡೆದಿದ್ದು. ನನ್ನ ಗಂಡ ಲೋನಪ್ಪನ್ ಯಾರನ್ನೂ ಎಲ್ಲೂ ಕೂಡಿಹಾಕ್ಲಿಲ್ಲ. ಅವರನ್ನ ಕೂಡಿಹಾಕಿದ್ದು ಈ ಮಗ. ತೆಗೀದೇ ಇದ್ದಿದ್ದು ನಾನು. ಸತ್ತವರ ಮೇಲೆ ಹೊರಿಸಿದ್ದನ್ನ ಇಳಿಸ್ಬೇಕಿತ್ತು, ಅದಕ್ಕೆ ಹೇಳ್ತಿದೀನಿ.”

ಜೆರೋಮ್‌ನ ಮುಖ ಬಿಳಚಿಕೊಂಡದ್ದನ್ನು ನಾನು ನೋಡಿದೆ. ಇನ್ನೇನು ಎಲ್ಲ ಬಯಲಾಯಿತು ಎಂದುಕೊಂಡೆ.

ಆಮೇಲೆ ಸಭಾಂಗಣಕ್ಕೆ ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಹಿಂದೆ ಕನ್ನಡಕದವನೊಬ್ಬ ಪಕ್ಕದವನಿಗೆ, “ಚಿತ್ರ ತೆರೆ ದಾಟಿ ಹೊರಗೆ ಬಂತು ನೋಡು! ಇಂಥ ಪ್ರಯೋಗ ನಮ್ಮಲ್ಲಿ ಆಗಿರ್ಲಿಲ್ಲ,” ಎಂದ. ಅಳುತ್ತಿದ್ದಾಕೆ ಬಂದು ಟೀಚರ ಕಾಲು ಮುಟ್ಟಿದಳು. “ನಿಜ ಕಣಮ್ಮಾ, ನಿಜಾನೇ ಹೇಳ್ತಿದೀನಿ,” ಎಂದು ಟೀಚರ್ ಅಂದಷ್ಟೂ ಚಪ್ಪಾಳೆ ಜೋರಾಯಿತು. ವೇದಿಕೆಯ ಮೇಲೆ ಜೆರೋಮ್‌ನ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಅವನೂ ಕೈ ಎತ್ತಿ ತಾಯಿಯ ಕಡೆ ತೋರಿಸುತ್ತ ಚಪ್ಪಾಳೆ ತಟ್ಟತೊಡಗಿದ.

ಪ್ರಶಸ್ತಿಯೂ ಬಂತು. ಅವನಿಗೆ ಚಿತ್ರಕಥೆಗೆ, ಟೀಚರ್‌ಗೆ ಅಭಿನಯಕ್ಕೆ.

ಒಲ್ಲೂರಿಗೆ ಮರಳಿದ ಬೆಳಗ್ಗೆ ನಾನು ಅವರ ಸಾಮಾನು ಇಳಿಸಿಕೊಡುತ್ತಿದ್ದೆ. ಟೀಚರ್ ಕಾಫಿ ಮಾಡಿ ತಂದರು, ಮಗನ ಮುಂದೆ ಲೋಟ ಇಟ್ಟು, “ಇದನ್ನ ಕುಡಿದು ಬೇರೆ ಮನೆ ನೋಡ್ಕೋ ಮೋನೇ,” ಎಂದರು.

ಜೆರೋಮ್ ಮುಖ ಬಿಗಿದ. ಹಳೆಯ ಬಿಗಿತ. ಆಮೇಲೆ ಕೂಗಾಡಿದ, ಲೋಟ ಗೋಡೆಗೆ ಬಡಿಯಿತು. ಟೀಚರ್ ನೋಡುತ್ತ ನಿಂತರು. ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆದರೆ ಜಾಗ ಬಿಟ್ಟು ಕದಲಲಿಲ್ಲ. ಅವನು ಮೆರ್ಲಿನ್ ಕಡೆ ತಿರುಗಿ, “ನಡಿ, ಬಟ್ಟೆ ತುಂಬು,” ಎಂದ.

“ನಿನ್ನದು ತುಂಬಿಟ್ಟಿದೀನಿ,” ಎಂದಳು ಮೆರ್ಲಿನ್. “ಹೋದ ವಾರಾನೇ.”

ಅವನು ಕೊಚ್ಚಿಯಲ್ಲಿ ಒಂದು ಫ್ಲ್ಯಾಟು ಹಿಡಿದ. ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟ: ಕಲೆಗಾಗಿ ನನ್ನ ಕುಟುಂಬವನ್ನೇ ಬಲಿ ಕೊಟ್ಟೆ. ಜೊತೆಗೆ ಮುಚ್ಚಿದ ಬಾಗಿಲಿನ ಮುಂದೆ ನಿಂತ ಅವನ ದೊಡ್ಡ ಫೋಟೋ.

ಈ ಕಡೆ ಪ್ರಶಸ್ತಿ ಪಡೆದ ಟೀಚರನ್ನು ಹುಡುಕಿಕೊಂಡು ಸಿನಿಮಾದವರು ಬರತೊಡಗಿದರು. ಗೋಳಿನ ತಾಯಿಯ ಪಾತ್ರಗಳನ್ನೆಲ್ಲ ಅವರು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದರು. ಕೊನೆಗೆ ಒಪ್ಪಿಕೊಂಡದ್ದು ಒಂದು ಹಾಸ್ಯಚಿತ್ರ: ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುವ ಜಗಳಗಂಟ ಗಂಡಹೆಂಡಿರ ಕಥೆ. ಗಂಡನ ಪಾತ್ರಕ್ಕೆ ಯಾರು ಎಂದು ಕೇಳಿದಾಗ ಅವರೇ ಸೂಚಿಸಿದ ಹೆಸರು ಚಾಕ್ಕುಣ್ಣಿ ಚೇಟ್ಟ. ಚಿತ್ರ ನೂರು ದಿನ ಓಡಿತು. ಚೇಟ್ಟ ಅದರಲ್ಲಿ ಮನಸಾರೆ ನಟಿಸಿದ್ದಾರೆ, ಮೂರು ಬೀದಿಗೆ ಕೇಳಿಸುವ ಹಾಗೆ.

ಹೋದ ತಿಂಗಳು ಅವರ ಮೂರನೆಯ ಚಿತ್ರದ ಸೆಟ್ಟಿಗೆ ಹೋಗಿದ್ದೆ. ಟೀಚರ್ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಹಳ ದಿನದಿಂದ ಹೇಳಬೇಕೆಂದಿದ್ದನ್ನು ಹೇಳಿದೆ. “ಟೀಚರ್, ಅವತ್ತು ನಂಗೆ ಕೆಮ್ಮು ಕೇಳಿಸಿತ್ತು. ಎದ್ದು ನೋಡ್ಬೇಕಿತ್ತು. ಆಮೇಲೆ ಆ ಕೋಟು ಬೇರೆ ಹಾಕ್ಕೊಂಡೆ. ಕ್ಷಮಿಸ್ಬೇಕು.”

“ಕ್ಷಮಿಸೋಕೆ ನಾನ್ಯಾರು? ನಂಗೆ ಕ್ಷಮೆ ಸಿಗೋ ಸರದೀನೇ ಇನ್ನೂ ಬಂದಿಲ್ಲ,” ಎಂದರು. ಬೈಗುಳವೂ ಅಲ್ಲ, ಸಮಾಧಾನವೂ ಅಲ್ಲ. ಪಕ್ಕದ ಸ್ಟೂಲು ನನ್ನತ್ತ ತಳ್ಳಿದರು, ಕೂತೆ.

ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಜೆರೋಮ್ ಫೋನ್ ಮಾಡಿದ್ದ. ಹೊಸ ಚಿತ್ರ ಶುರುಮಾಡುತ್ತಿದ್ದಾನೆ: ಮಗನ ಗಾಯವನ್ನು ಮೆಟ್ಟಿಲು ಮಾಡಿಕೊಂಡು ಅಗ್ಗದ ಸಿನಿಮಾಗಳಲ್ಲಿ ಹೆಸರು ಮಾಡುವ ತಾಯಿಯ ಕಥೆ. ನಿರ್ಮಾಪಕರು ಟೀಚರ್ ಇದ್ದರೆ ಮಾತ್ರ ಎಂದು ಪಟ್ಟು ಹಿಡಿದಿದ್ದಾರಂತೆ. ನೀನೇ ಒಂದು ಮಾತು ಕೇಳಿನೋಡು ಎಂದಿದ್ದ. ಹೇಳಿದೆ.

“ನಿರ್ಮಾಪಕರು ಹೇಳಿದ್ದಕ್ಕೆ ಕೇಳ್ತಿದಾನಾ, ಅವನಿಗೇ ಬೇಕು ಅಂತ ಕೇಳ್ತಿದಾನಾ?”

“ನಿರ್ಮಾಪಕರು ಹೇಳಿದ್ದಕ್ಕೆ.”

ಟೀಚರ್ ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರು ಕಂಡ ಹಾಗಾಯಿತು, ಬಿಸಿಲಿಗೂ ಇರಬಹುದು. ಅಷ್ಟರಲ್ಲಿ ಆ ಕಡೆಯಿಂದ ಚಾಕ್ಕುಣ್ಣಿ ಚೇಟ್ಟ, “ಟೀಚರೇ, ಬರ್ತೀರಾ ಇಲ್ವಾ? ನಾನೊಬ್ನೇ ಎಷ್ಟು ಹೊತ್ತು ಜಗಳ ಆಡ್ಲಿ?” ಎಂದು ಕೂಗಿದರು.

“ಬಂದೆ!” ಎಂದು ಕೂಗಿ ಟೀಚರ್ ಎದ್ದರು. ಸೆರಗು ಕೊಡವಿಕೊಂಡು, “ಈಸ್ಟರ್‌ವರೆಗೂ ಡೇಟ್ ಇಲ್ಲ ಅಂತ ಹೇಳು ಅವನಿಗೆ,” ಎಂದರು.

ಹಾಗೇ ಹೇಳಿದೆ. ಅದು ನಿಜವೂ ಆಗಿತ್ತು.